ಹಳೆ ಹಾಯಿದೋಣಿ ನೋಡಲು ಹೋದರೆ ನಾನು ಮೊದಲು ಸುತ್ತಿಗೆ ತೆಗೆಯುವುದು ಯಾಕೆ

ನನ್ನ ಕೆಲಸದ ಚೀಲದಲ್ಲಿ ಒಂದು ಪುಟ್ಟ ಸುತ್ತಿಗೆ ಯಾವಾಗಲೂ ಇರುತ್ತದೆ. ತಲೆ ಗಟ್ಟಿ ಪ್ಲಾಸ್ಟಿಕ್‌ನದು, ಹಿಡಿ ಒಂದು ಗೇಣು. ಯಾರಾದರೂ "ಅಣ್ಣಾ, ಒಂದು ಬೋಟ್ ತಗೋಬೇಕು ಅಂತಿದ್ದೀನಿ, ಸ್ವಲ್ಪ ನೋಡಿಕೊಡ್ತೀರಾ?" ಅಂದರೆ ಅದನ್ನು ಹಿಡಿದುಕೊಂಡೇ ಹೊರಡುತ್ತೇನೆ.

ನನ್ನ ಊರು ಮಲ್ಪೆ. ಅಪ್ಪ ಮೀನುಗಾರಿಕೆಯ ಫೈಬರ್ ಬೋಟ್‌ಗಳಿಗೆ ಗಾಜಿನ ನಾರಿನ ಮ್ಯಾಟ್ ಹಾಸಿ, ಅದನ್ನು ಗಟ್ಟಿ ಮಾಡುವ ರೆಸಿನ್ ಹಚ್ಚುವ ಕೆಲಸ ಮಾಡುತ್ತಿದ್ದರು. ನಾನೂ ಅದೇ ಕೆಲಸ ಕಲಿತೆ. ಹನ್ನೊಂದು ವರ್ಷದಿಂದ ಅಮೆರಿಕದ ಚೆಸಪೀಕ್ ಕೊಲ್ಲಿಯ ದಡದಲ್ಲಿ ಒಂದು ಬೋಟ್ ಯಾರ್ಡ್‌ನಲ್ಲಿದ್ದೇನೆ. ಇಲ್ಲಿ ಮೀನು ಹಿಡಿಯುವ ಬೋಟ್ ಕಡಿಮೆ, ಹಾಯಿದೋಣಿ ಜಾಸ್ತಿ. ಅದರಲ್ಲೂ ಟ್ರೈಲರ್ ಮೇಲೆ ಕೂರಿಸಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಸಣ್ಣ ರೇಸ್ ಬೋಟ್‌ಗಳು ಬಹಳ. ಬೇಸಿಗೆಯಲ್ಲಿ ಅನಾಪೊಲಿಸ್‌ನಲ್ಲಿ ಪ್ರತಿ ಬುಧವಾರ ಸಂಜೆ ರೇಸ್ ಇರುತ್ತದೆ. ಕೆಲಸ ಮುಗಿಸಿದವರು ನೇರ ನೀರಿಗಿಳಿಯುತ್ತಾರೆ. ಅದನ್ನು ನೋಡಿದವರಿಗೆ ತಮ್ಮದೂ ಒಂದು ಬೋಟ್ ಬೇಕು ಅನ್ನಿಸದೇ ಇರುವುದಿಲ್ಲ.

ಮೊದಲ ಸಲ ಕೊಳ್ಳುವವರು ಹೆಚ್ಚಾಗಿ ಬಂದು ನಿಲ್ಲುವುದು ಜೆ-24 ಎಂಬ ಹಾಯಿದೋಣಿ ಹತ್ತಿರ. 24 ಅಡಿ ಉದ್ದ, ಸುಮಾರು 1,400 ಕೆ.ಜಿ. ತೂಕ. ರಾಡ್ ಜಾನ್‌ಸ್ಟನ್ ಎಂಬಾತ ಇದರ ಮೊದಲ ಬೋಟನ್ನು ಕನೆಕ್ಟಿಕಟ್‌ನ ತನ್ನ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ್ದ. 1977ರಲ್ಲಿ ಮಾರಾಟಕ್ಕೆ ಬಂತು. ಆಮೇಲೆ ಲೋಕದಲ್ಲೆಲ್ಲ ಸೇರಿ 5,000ಕ್ಕೂ ಹೆಚ್ಚು ಕಟ್ಟಿದ್ದಾರೆ. ಅದಕ್ಕೇ ಹಳೆಯದು ಕೆಲವು ಸಾವಿರ ಡಾಲರ್‌ಗೆ ಸಿಗುತ್ತದೆ, ಬಿಡಿಭಾಗಕ್ಕೂ ಪರದಾಡಬೇಕಿಲ್ಲ. 2012ರಲ್ಲಿ ಬಂದ ಜೆ-70 ಇನ್ನೂ ಹಗುರ, ಕೀಲ್ ಅಂದರೆ ಬೋಟಿನ ತಳದಿಂದ ಕೆಳಕ್ಕಿಳಿದ ಭಾರದ ರೆಕ್ಕೆಯನ್ನು ಮೇಲಕ್ಕೆತ್ತಬಹುದು, ದಡದ ಇಳಿಜಾರು ರ‍್ಯಾಂಪಿನಿಂದಲೇ ನೀರಿಗೆ ಇಳಿಸಬಹುದು. ಆದರೆ ಅದರ ಬೆಲೆ ಕೇಳಿದರೆ ಹೊಸಬರು ಹಿಂದೆ ಸರಿಯುತ್ತಾರೆ.

ಈ ಬೋಟ್‌ಗಳ ಮೈ ಹೇಗಿರುತ್ತದೆ ಅಂತ ಮೊದಲು ಹೇಳಬೇಕು. ಹೊರಗೆ ಒಂದು ಪದರ ಫೈಬರ್, ಒಳಗೆ ಒಂದು ಪದರ ಫೈಬರ್, ನಡುವೆ ಬಾಲ್ಸಾ ಮರ. ಬಾಲ್ಸಾ ತುಂಬಾ ಹಗುರ. ಹಾಗಾಗಿ ಮೈ ಗಟ್ಟಿಯಾಗಿಯೂ ಇರುತ್ತದೆ, ತೂಕವೂ ಕಡಿಮೆ. ರೇಸ್ ಬೋಟಿಗೆ ಬೇಕಾದ್ದು ಅದೇ ಅಲ್ವಾ? ಆದರೆ ಡೆಕ್ ಅಂದರೆ ಬೋಟಿನ ಮೇಲಿನ ಹಾಸಿನ ಮೇಲೆ ಹಗ್ಗ ಬಿಗಿಯುವ ಒಂದೊಂದು ವಿಂಚ್, ಒಂದೊಂದು ಕಂಬಿ ಕೂರಿಸುವಾಗಲೂ ಆ ಮರದ ಮೂಲಕ ತೂತು ಕೊರೆಯುತ್ತಾರೆ. ನೀರು ಇಳಿಯದಂತೆ ತೂತಿನ ಸುತ್ತ ಹಾಕಿದ ಅಂಟು, ಸೀಲಂಟ್, ಹತ್ತು ಹದಿನೈದು ವರ್ಷಕ್ಕೆ ಒಣಗಿ ಬಿಟ್ಟುಕೊಳ್ಳುತ್ತದೆ. ಮಳೆನೀರು ಹನಿ ಹನಿಯಾಗಿ ಇಳಿಯುತ್ತದೆ. ಇಲ್ಲಿನ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಫೈಬರಿನಿಂದ ಮರವನ್ನು ಬಿಡಿಸುತ್ತದೆ. ಬಿಡಿಸಿದ ಜಾಗದಲ್ಲಿ ಮುಂದಿನ ವರ್ಷ ಇನ್ನಷ್ಟು ನೀರು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪಾಲಿಶ್ ಮಾಡಿದ ಡೆಕ್ ಪಳಪಳ ಹೊಳೆಯುತ್ತಲೇ ಇರುತ್ತದೆ.

ಸುತ್ತಿಗೆ ಬೇಕಾಗುವುದು ಇಲ್ಲಿ. ಊರಲ್ಲಿ ಅಮ್ಮ ಹಲಸಿನಕಾಯಿ ಬಡಿದು ಹಣ್ಣಾಗಿದೆಯೋ ಇಲ್ಲವೋ ಹೇಳುತ್ತಿದ್ದರು. ಬಲಿಯದ್ದು ಟಣ್ ಅನ್ನುತ್ತದೆ, ಹಣ್ಣಾದದ್ದು ದಬ್ ಅನ್ನುತ್ತದೆ. ಬೋಟಿನ ಡೆಕ್ಕೂ ಹಾಗೆಯೇ. ಮರ ಒಣಗಿದ್ದು ಫೈಬರಿಗೆ ಅಂಟಿಕೊಂಡಿದ್ದರೆ ಟಕ್ ಟಕ್ ಅಂತ ಚುರುಕಾದ ಸದ್ದು. ನೀರು ಕುಡಿದಿದ್ದರೆ ದಬ್ ದಬ್. ಮೂರು ಇಂಚಿಗೊಂದು ಪೆಟ್ಟಿನಂತೆ ಬಡಿಯುತ್ತಾ ಹೋಗಬೇಕು, ಸದ್ದು ಬದಲಾದ ಕಡೆ ಪೆನ್ಸಿಲ್ ಗುರುತು ಹಾಕಬೇಕು. ಇಡೀ ಡೆಕ್‌ಗೆ ಒಂದು ಗಂಟೆ ಹಿಡಿಯುತ್ತದೆ. ತೇವ ಅಳೆಯುವ ಮೀಟರೂ ನನ್ನ ಹತ್ತಿರ ಇದೆ. ಆದರೆ ಮಳೆ ಬಂದ ಮರುದಿನ ಅದು ಎಲ್ಲ ಕಡೆಯೂ ಕೆಂಪು ತೋರಿಸುತ್ತದೆ. ಸುತ್ತಿಗೆಗೆ ಆ ತೊಂದರೆ ಇಲ್ಲ.

ಇದನ್ನು ನಾನು ಕಲಿತದ್ದು ಒಬ್ಬರಿಗೆ ನಷ್ಟ ಮಾಡಿ. ಆರು ವರ್ಷದ ಹಿಂದೆ ಇಲ್ಲಿನ ಒಬ್ಬ ಶಾಲೆ ಮೇಷ್ಟ್ರು ಬೋಟ್ ನೋಡಲು ನನ್ನನ್ನು ಕರೆದುಕೊಂಡು ಹೋಗಿದ್ದರು. ಎರಡು ದಿನ ಮಳೆ ಸುರಿದಿತ್ತು. ಮೀಟರ್ ಇಟ್ಟ ಕಡೆಯೆಲ್ಲ ಕೆಂಪು. "ಮಳೆ ಅಲ್ವಾ, ಅದಕ್ಕೆ" ಅಂದುಕೊಂಡೆ. ಸುತ್ತಿಗೆಯಿಂದ ಅಲ್ಲಲ್ಲಿ ನಾಲ್ಕು ಸಲ ತಟ್ಟಿ ಬಿಟ್ಟೆ. ಮಾರುವವರು ಹಾಯಿಗಳನ್ನು ಹುಲ್ಲಿನ ಮೇಲೆ ಬಿಡಿಸಿ ತೋರಿಸಿದರು. ಮೂರೂ ಹೊಸದರಂತಿದ್ದವು, ಕೈಯಲ್ಲಿ ಮಡಚಿದರೆ ಗರಿಗರಿ ಸದ್ದು. ಹೊಸ ಹಾಯಿಗಳ ಪೂರ್ತಿ ಸೆಟ್ಟಿಗೆ ಎಷ್ಟೋ ಸಲ ಹಳೆ ಬೋಟಿಗಿಂತ ಜಾಸ್ತಿ ದುಡ್ಡು ಬೇಕು. ಹಾಗಾಗಿ ನನಗೂ ಖುಷಿಯಾಯಿತು. ಒಳಗೆ ಇಳಿದೆ. ಎಡಗಡೆಯ ಅಡ್ಡಗೋಡೆಗೆ ಬಿಳಿ ಬಣ್ಣ ಬಳಿದಿದ್ದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬಲಗಡೆಯ ಗೋಡೆ ಹಳೆಯದಾಗಿ ಹಳದಿಗಟ್ಟಿತ್ತು. ಒಂದೇ ಗೋಡೆಗೆ ಮಾತ್ರ ಬಣ್ಣ ಯಾಕೆ ಅಂತ ನಾನು ಕೇಳಲಿಲ್ಲ.

ಆ ಗೋಡೆ ಸುಮ್ನೆ ಇರುವ ಗೋಡೆಯಲ್ಲ. ಹಾಯಿಕಂಬವನ್ನು ಪಕ್ಕಕ್ಕೆ ಬೀಳದಂತೆ ಹಿಡಿಯುವ ಸ್ಟೀಲ್ ತಂತಿ ಡೆಕ್‌ನಲ್ಲಿ ಒಂದು ಪಟ್ಟಿಗೆ ಕಚ್ಚಿಕೊಂಡಿರುತ್ತದೆ. ಚೈನ್‌ಪ್ಲೇಟ್ ಅನ್ನುತ್ತೇವೆ. ಆ ಪಟ್ಟಿ ಡೆಕ್ ತೂರಿ ಕೆಳಗಿಳಿದು ಈ ಪ್ಲೈವುಡ್ ಗೋಡೆಗೆ ಬೋಲ್ಟ್ ಆಗಿರುತ್ತದೆ. ಗಾಳಿ ಜೋರಾದಾಗ ಕಂಬದ ಎಳೆತವೆಲ್ಲ ಆ ಗೋಡೆಯ ಮೇಲೆ. ಪಟ್ಟಿ ಡೆಕ್ ತೂರುವ ಸೀಳಿನಲ್ಲಿ ಸೀಲಂಟ್ ಹೋದರೆ ನೀರು ನೇರ ಪ್ಲೈವುಡ್ ಒಳಗೇ ಇಳಿಯುತ್ತದೆ.

ಮೇಷ್ಟ್ರು ಬೋಟ್ ಕೊಂಡರು. ಮೇ ತಿಂಗಳಲ್ಲಿ ಮೊದಲ ಸಲ ಗಾಳಿ ಜೋರಾಗಿದ್ದ ದಿನ ಎಡಗಡೆಯ ತಂತಿ ಸಡಿಲವಾಯಿತು, ಚೈನ್‌ಪ್ಲೇಟ್ ಹತ್ತಿರ ಡೆಕ್ ಅರ್ಧ ಇಂಚು ಮೇಲೆದ್ದಿತು. ಅವರ ಮಗಳೂ ಬೋಟಿನಲ್ಲಿದ್ದಳು. ಪುಣ್ಯಕ್ಕೆ ಕಂಬ ಬೀಳಲಿಲ್ಲ. ಹಾಯಿ ಇಳಿಸಿ ಮೋಟಾರ್ ಹಾಕಿಕೊಂಡು ವಾಪಸ್ ಬಂದರು. ಯಾರ್ಡ್‌ನಲ್ಲಿ ನಾನೇ ಆ ಗೋಡೆ ಬಿಚ್ಚಿದೆ. ಬಿಳಿ ಬಣ್ಣದ ಹಿಂದೆ ಪ್ಲೈವುಡ್ ನೆನೆಸಿದ ಅವಲಕ್ಕಿಯಂತೆ ಕೈಗೆ ಬಂತು. ಕಪ್ಪಗೆ, ಹುಳಿ ವಾಸನೆ. ರಿಪೇರಿ ಖರ್ಚು ಬೋಟಿನ ಬೆಲೆಯನ್ನೂ ದಾಟಿತು. ನನ್ನ ಕೂಲಿ ಬಿಟ್ಟು ಏಳು ಭಾನುವಾರ ಕೂತು ಗೋಡೆ ಕಟ್ಟಿಕೊಟ್ಟೆ. ಮೇಷ್ಟ್ರು ಬೈಯಲಿಲ್ಲ. ನೀನು ನೋಡಿದ್ದೀಯ ಅಂತಲೇ ನಾನು ಮತ್ತೆ ನೋಡಲಿಲ್ಲ ಅಂದರು, ಅಷ್ಟೇ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅಂದಿನಿಂದ ಕ್ರಮ ಬದಲಾಯಿಸಿಕೊಂಡೆ. ಹಾಯಿಗಳನ್ನು ಕೊನೆಗೆ ನೋಡುತ್ತೇನೆ. ಮೊದಲು ಹೊಸದಾಗಿ ಬಣ್ಣ ಬಳಿದ ಜಾಗ, ಹೊಸ ಕಾರ್ಪೆಟ್ ಅಂಟಿಸಿದ ಜಾಗ ಹುಡುಕುತ್ತೇನೆ. "ಇಲ್ಲಿ ಏನಾಗಿತ್ತು?" ಅಂತ ಕೇಳುತ್ತೇನೆ. ಸರಿಯಾದ ರಿಪೇರಿ ಮಾಡಿಸಿದವರು ಅದನ್ನು ಹೇಳಲು ಕಾಯುತ್ತಿರುತ್ತಾರೆ.

ಹೋದ ಅಕ್ಟೋಬರ್‌ನಲ್ಲಿ ಶಿವಮೊಗ್ಗ ಕಡೆಯ ಒಬ್ಬ ಹುಡುಗ ಒಂದು ಹಳೆ ಜೆ-24 ನೋಡಲು ಕರೆದ. ಸಾಫ್ಟ್‌ವೇರ್ ಕೆಲಸ, ಎರಡು ವರ್ಷ ಬೇರೆಯವರ ಬೋಟಿನಲ್ಲಿ ಹಗ್ಗ ಎಳೆದು ರೇಸ್ ಕಲಿತಿದ್ದಾನೆ. ಅಕ್ಟೋಬರ್ ಒಳ್ಳೆ ಕಾಲ. ಚಳಿಗಾಲಕ್ಕೆ ಬೋಟ್ ಇಡುವ ಬಾಡಿಗೆ ಯಾಕೆ ಕಟ್ಟುವುದು ಅಂತ ಮಾರುವವರು ಬೆಲೆ ಇಳಿಸುತ್ತಾರೆ.

ಮಾರುವವರು ಎಪ್ಪತ್ತು ದಾಟಿದ ಅಜ್ಜಿ. ಇಪ್ಪತ್ತೆರಡು ವರ್ಷ ತಾವೇ ಚುಕ್ಕಾಣಿ ಹಿಡಿದು ರೇಸ್ ಮಾಡಿದವರು. ಡೆಕ್ ಮೇಲೆ ಪಾಚಿ, ಎಲೆ. ಹುಡುಗನ ಮುಖ ಸಣ್ಣಗಾಯಿತು. ನಾನು ಸುತ್ತಿಗೆ ತೆಗೆಯುವ ಮೊದಲೇ ಅಜ್ಜಿ ಎಡಗಡೆಯ ಒಂದು ಕಂಬಿಯ ಬುಡ ತೋರಿಸಿ, ಇಲ್ಲಿ ಅಂಗೈಯಗಲ ತೇವ ಇದೆ, ಮೊಣಕಾಲು ನೋವಿನಿಂದ ಮಾಡಲಾಗಲಿಲ್ಲ ಅಂದರು. ಆಮೇಲೆ ಒಂದು ನೋಟ್‌ಬುಕ್ ತಂದರು. ಯಾವ ವರ್ಷ ಯಾವ ಬೋಲ್ಟ್ ಬಿಚ್ಚಿದ್ದು, ತೂತನ್ನು ದೊಡ್ಡದಾಗಿ ಕೊರೆದು ಸುತ್ತಲಿನ ಮರ ಕೆರೆದು ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿದ್ದು, ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಹಾಕಿದ್ದು, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿತ್ತು. ಹಾಗೆ ಮಾಡಿದರೆ ಸೀಲಂಟ್ ಹೋದರೂ ನೀರು ಬಾಲ್ಸಾಕ್ಕೆ ತಾಗುವುದಿಲ್ಲ. ಅದನ್ನು ಓದುತ್ತಾ ನನ್ನ ಕಣ್ಣು ತುಂಬಿ ಬಂತು. ಇಷ್ಟು ಅಕ್ಕರೆಯಿಂದ ಬೋಟ್ ನೋಡಿಕೊಂಡವರನ್ನು ನಾನು ಕಂಡಿದ್ದೇ ಕಡಿಮೆ.

ಆದರೂ ಪೂರ್ತಿ ಬಡಿದೆ. ಅಜ್ಜಿ ಹೇಳಿದ ಅಂಗೈಯಗಲ ಬಿಟ್ಟರೆ ಎಲ್ಲ ಕಡೆ ಟಕ್ ಟಕ್. ಅಡ್ಡಗೋಡೆಗೆ ಚೂಪಾದ ದಬ್ಬಳ ಒತ್ತಿ ನೋಡಿದೆ, ಇಳಿಯಲಿಲ್ಲ. ಕೀಲ್ ಬೋಟಿಗೆ ಸೇರುವ ಮುಂದಿನ ಅಂಚಿನಲ್ಲಿ ಬಿರುಕಿಲ್ಲ. ಅಲ್ಲಿ ಬಿರುಕಿದ್ದರೆ ಬೋಟ್ ಯಾವಾಗಲೋ ನೆಲಕ್ಕೆ ಜೋರಾಗಿ ಬಡಿದಿರಬಹುದು. ತಂತಿಯ ಎಳೆ ಮುರಿದಿದ್ದರೆ ಸಿಕ್ಕಿಕೊಳ್ಳಲಿ ಅಂತ ತಂತಿಗಳ ಮೇಲೆ ಹತ್ತಿ ಬಟ್ಟೆ ಎಳೆದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹಾಯಿಗಳು ಮಾತ್ರ ಮೆತ್ತಗಾಗಿದ್ದವು, ಒಂದು ವರ್ಷ ಕಲಿಯಲು ಸಾಕು.

ಕೆಟ್ಟಿದ್ದು ಟ್ರೈಲರ್. ಬೋಟ್ ಒಂಬತ್ತು ವರ್ಷದಿಂದ ಅಲ್ಲೇ ಪಕ್ಕದ ಕ್ಲಬ್ಬಿನಲ್ಲಿ ಕ್ರೇನ್‌ನಿಂದ ಇಳಿಯುತ್ತಿತ್ತು, ಟ್ರೈಲರ್ ರಸ್ತೆ ಕಂಡಿರಲಿಲ್ಲ. ಟಯರ್ ನೋಡಿದರೆ ಮೇಲಿನ ಅಚ್ಚು ಸವೆದಿರಲಿಲ್ಲ. ಹುಡುಗ "ಟಯರ್ ಹೊಸದಿದೆ ಅಣ್ಣಾ" ಅಂದ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದು ಮಾರಾಯ ಅಂದೆ. 2211. ಅಂದರೆ 2011ರ 22ನೇ ವಾರ ಮಾಡಿದ್ದು. ಪಕ್ಕದ ರಬ್ಬರ್ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಬೋಟ್, ಟ್ರೈಲರ್, ಹಾಯಿ, ಮೋಟಾರ್ ಎಲ್ಲ ಸೇರಿ ಎರಡು ಟನ್ ಹತ್ತಿರ. ಇಲ್ಲಿ ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್ (ಸುಮಾರು 1,360 ಕೆ.ಜಿ.) ದಾಟಿದ ಟ್ರೈಲರ್‌ಗೆ ಬ್ರೇಕ್ ಇರಲೇಬೇಕು, ಇದರ ಬ್ರೇಕ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಜೊತೆಗೆ ಜೆ-24ರ ಅಗಲ 8 ಅಡಿ 11 ಇಂಚು. ರಸ್ತೆಯ ಮಿತಿ ಸಾಮಾನ್ಯವಾಗಿ 8 ಅಡಿ 6 ಇಂಚು. ಪರವಾನಗಿ ಬೇಕು. ಇದನ್ನು ಎಷ್ಟೋ ಜನ ಕೊಳ್ಳುವಾಗ ಯೋಚಿಸುವುದೇ ಇಲ್ಲ.

ನಾಲ್ಕು ಟಯರ್, ಬೇರಿಂಗ್, ಬ್ರೇಕ್ ಲೆಕ್ಕ ಹಾಕಿ ಅಜ್ಜಿಗೆ ಚೀಟಿ ಕೊಟ್ಟೆವು. ಅವರು ಅಷ್ಟೂ ಬೆಲೆಯಲ್ಲಿ ಇಳಿಸಿಕೊಂಡರು. ನೋಟ್‌ಬುಕ್ಕನ್ನೂ ಹುಡುಗನ ಕೈಗಿಟ್ಟರು.

ಎರಡು ಶನಿವಾರ ಟ್ರೈಲರ್ ಕೆಲಸ ಮಾಡಿದೆವು. ಹಳೆ ಬೇರಿಂಗ್ ಬಿಚ್ಚಿದಾಗ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿತ್ತು, ಒಳಗೆ ನೀರು ಹೋಗಿದ್ದಕ್ಕೆ ಅದೇ ಗುರುತು. ಬೋಟ್ ಕೂರಿಸುವಾಗ ಭಾರವೆಲ್ಲ ಕೀಲ್ ಮೇಲೆ ಬಂದಿದೆಯಾ ನೋಡಿದೆವು. ಪಕ್ಕದ ಪ್ಯಾಡ್‌ಗಳು ಬೋಟ್ ವಾಲದಂತೆ ಹಿಡಿದರೆ ಸಾಕು. ಭಾರ ಅವುಗಳ ಮೇಲೆ ಬಿದ್ದರೆ ಮೈ ಒಳಕ್ಕೆ ತಗ್ಗುತ್ತದೆ.

ಹುಡುಗನ ಮನೆಗೆ 180 ಕಿ.ಮೀ. ಪ್ರತಿ 40 ಕಿ.ಮೀ.ಗೆ ನಿಲ್ಲಿಸಿ ನಾಲ್ಕೂ ಹಬ್, ಅಂದರೆ ಚಕ್ರದ ನಡುವಿನ ಭಾಗ, ಮುಟ್ಟಿ ನೋಡಬೇಕು ಅಂತ ಮೊದಲೇ ಹೇಳಿದ್ದೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿಯಾಗಿದೆ ಅಂತ ಅರ್ಥ. ಮೊದಲ ನಿಲುಗಡೆಯಲ್ಲಿ ನಾನು ಇಳಿಯುವಷ್ಟರಲ್ಲಿ ಹುಡುಗ ಆಗಲೇ ಮಂಡಿಯೂರಿ ಕೂತಿದ್ದ. ಹಿಂದಿನ ಎಡಗಡೆಯ ಹಬ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದ. "ಬೆಚ್ಚಗಿದೆ ಅಣ್ಣಾ" ಅಂದ. ಉಳಿದ ಮೂರನ್ನೂ ಮುಟ್ಟಿ ಬಂದ. ಎದ್ದವನೇ ಟ್ರೈಲರ್ ಪಕ್ಕ ಏರಿ, ಬೆರಳ ಗೆಣ್ಣಿನಿಂದ ಡೆಕ್ ತಟ್ಟಿ ಕಿವಿಗೊಟ್ಟ.