ಕರಕಲು ಪೀಪಾಯಿಯಲ್ಲಿ ಮಾಗಿದ ಕಬ್ಬಿನ ರಮ್

ಗೆಳೆಯನೊಬ್ಬ ಫ್ರಾನ್ಸಿನಿಂದ ಬರುವಾಗ 'ರಮ್ ಜೆ.ಎಂ.' ಅನ್ನೋ ಕಂಪನಿಯವರ 'ಫ್ಯುಮೆ ವೋಲ್ಕನೀಕ್' ತಂದಿದ್ದ. ಕೆರಿಬಿಯನ್ನಿನಲ್ಲಿ ಫ್ರಾನ್ಸಿಗೆ ಸೇರಿದ ಮಾರ್ಟಿನೀಕ್ ದ್ವೀಪದ ರಮ್ ಇದು. ದ್ವೀಪದ ಉತ್ತರಕ್ಕೆ ಮಕುಬಾ ಅಂತ ಊರು, ಪೆಲೆ ಬೆಟ್ಟದ ತಪ್ಪಲು. 1902ರಲ್ಲಿ ಸಿಡಿದು ಸೇಂಟ್ ಪಿಯೆರ್ ಪಟ್ಟಣವನ್ನೇ ಬೂದಿ ಮಾಡಿದ ಜ್ವಾಲಾಮುಖಿ ಇದೇ.

ನಮ್ಮಲ್ಲಿ ಸಿಗುವ ರಮ್ ಬಹುಪಾಲು ಕಾಕಂಬಿಯದ್ದು, ಅಲ್ವಾ? ಮಾರ್ಟಿನೀಕ್‌ನವರು ಕಬ್ಬಿನ ಹಾಲನ್ನೇ ಹುಳಿ ಬರಿಸಿ ಬಟ್ಟಿ ಇಳಿಸುತ್ತಾರೆ. ಕಡಿದ ಕಬ್ಬು ಹೆಚ್ಚು ಹೊತ್ತು ತಡೆಯುವುದಿಲ್ಲ, ಬೇಗ ಅರೆಯಲೇಬೇಕು. 1996ರಿಂದ ಇದಕ್ಕೆ ಫ್ರಾನ್ಸಿನ ಎ.ಒ.ಸಿ. ಮಾನ್ಯತೆ ಇದೆ, ಅಂದರೆ ನಮ್ಮ ಜಿ.ಐ. ಟ್ಯಾಗ್ ಥರ ಊರಿನ ಹೆಸರಿಗೆ ಕೊಡುವ ಗುರುತು. ಹಳೆಯ ರಮ್ ಅಂತ ಲೇಬಲ್ ಹಾಕಬೇಕಾದರೆ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು.

ಈ ಬಾಟಲಿಯ ವಿಶೇಷ ಇರುವುದು ಪೀಪಾಯಿಯಲ್ಲೇ. ಅದರ ಒಳಮೈಯನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟಿರುತ್ತಾರೆ. ಜಾಸ್ತಿ ಸುಟ್ಟಾಗ ಮರ ಬಿರಿದು ಹಪ್ಪಳೆ ಏಳುತ್ತದೆ, ಪೀಪಾಯಿ ಕಟ್ಟುವವರು ಅದನ್ನು ಮೊಸಳೆ ಚರ್ಮ ಅಂತಲೇ ಕರೆಯುತ್ತಾರೆ. ಮೇಲಿನ ಇದ್ದಿಲ ಪದರ ಹೊಸ ಮದ್ಯದಲ್ಲಿರುವ ಗಂಧಕದ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ಅದರ ಹಿಂದಿನ ಮರದಲ್ಲಿ ಸಕ್ಕರೆಯ ಅಂಶ ಕಾದು ಕ್ಯಾರಮೆಲ್ ಆಗಿರುತ್ತದೆ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲಾದ ಪರಿಮಳ ಕೊಡುವ ವೆನಿಲಿನ್, ಹೊಗೆಯ ವಾಸನೆ ಕೊಡುವ ಗ್ವಾಯಕೋಲ್ ಎರಡೂ ಹುಟ್ಟಿರುತ್ತವೆ. ಬಿಸಿ ದ್ವೀಪದಲ್ಲಿ ರಮ್ ಮರದೊಳಕ್ಕೆ ಬೇಗ ಇಳಿಯುತ್ತದೆ, ಬೇಗ ಆವಿಯೂ ಆಗುತ್ತದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಹೋದರೆ, ಇಲ್ಲಿ ಅದರ ಹಲವು ಪಟ್ಟು.

ಶೇ. 49 ಆಲ್ಕೋಹಾಲ್, ಹಾಗಾಗಿ ಗ್ಲಾಸಿಗೆ ಸುರಿದ ತಕ್ಷಣ ಮೂಗಿಟ್ಟರೆ ಸುಮ್ನೆ ಉರಿ. ಹತ್ತು ನಿಮಿಷ ಬಿಡಿ. ಮೊದಲು ಬರುವುದು ಹುರಿದ ಕಾಫಿಬೀಜದ ಘಮ, ಆಮೇಲೆ ಕೋಕೋ, ಅದರ ಹಿಂದೆ ಸಣ್ಣಗೆ ಕಾಳುಮೆಣಸು. ನನಗೆ ತುಂಬಾ ಇಷ್ಟವಾಗಿದ್ದು ಇದಾದ ಮೇಲಿನದ್ದು. ಎರಡು ಹನಿ ನೀರು ಬಿಟ್ಟೆ ನೋಡಿ, ಹೊಗೆ ಪಕ್ಕಕ್ಕೆ ಸರಿದು ಹಸಿ ಕಬ್ಬು ಎದ್ದು ಬಂತು, ಆಲೆಮನೆಯಲ್ಲಿ ಗಾಣದ ಪಕ್ಕ ನಿಂತಾಗ ಬರುವ ಅದೇ ಹಸಿರು ವಾಸನೆ. ಅಷ್ಟು ಸುಟ್ಟ ಮರದಲ್ಲಿ ವರ್ಷಗಟ್ಟಲೆ ಇದ್ದೂ ಕಬ್ಬು ಸೋತಿಲ್ಲ! ಬಾಯಲ್ಲಿ ಸಿಹಿ ನಾನು ಅಂದುಕೊಂಡದ್ದಕ್ಕಿಂತ ಕಡಿಮೆ, ನಾಲಿಗೆಯ ಅಂಚಿನಲ್ಲಿ ಒಗರು, ನುಂಗಿದ ಮೇಲೆ ಕಹಿ ಚಾಕೊಲೇಟಿನ ಹಾಗೆ ಒಣ ರುಚಿ ತುಂಬ ಹೊತ್ತು ನಿಲ್ಲುತ್ತದೆ.

ಪೀಟ್ (ಜೌಗು ನೆಲದಲ್ಲಿ ಸಿಗುವ, ಒಣಗಿಸಿ ಉರಿಸುವ ಮಣ್ಣು) ಹೊಗೆಯ ವಿಸ್ಕಿ ಕುಡಿದು ರೂಢಿ ಇರುವವರು ಅಂಥದ್ದೇ ಹೊಗೆ ಹುಡುಕಬೇಡಿ. ಅದು ಧಾನ್ಯಕ್ಕೆ ಹತ್ತಿದ ಹೊಗೆ, ಇದು ಮರದಿಂದ ಇಳಿದದ್ದು, ತುಂಬಾ ಮೆದು. ನನ್ನ ಮಟ್ಟಿಗೆ ಸಿಹಿ ಬೆರೆಸಿ ನಯ ಮಾಡಿದ ರಮ್‌ಗಳಿಗಿಂತ ಇದು ಎಷ್ಟೋ ಮೇಲು, ಯಾಕಂದರೆ ಇದರಲ್ಲಿ ಬೆಳೆಯ ರುಚಿ ಗೊತ್ತಾಗುತ್ತದೆ.

ಕೋಲಾ ಬೇಡ, ಐಸ್ ಕೂಡ ಬೇಡ. ಜೊತೆಗೆ ಖಾರದ ಕಡಲೆಬೀಜ ಅಂತೂ ಬೇಡವೇ ಬೇಡ, ಆ ಕಾಳುಮೆಣಸಿನ ಘಾಟೇ ಸಿಗುವುದಿಲ್ಲ. ಏನಾದರೂ ಬೇಕೇ ಬೇಕು ಅಂದರೆ ಒಂದು ಹೋಳು ಅನಾನಸ್ ಇಟ್ಟುಕೊಳ್ಳಿ, ಚೆನ್ನಾಗಿ ಹೊಂದುತ್ತದೆ.