75 ಸಾವಿರದ ಕೆಲಸ ಮತ್ತು ನನ್ನ ಎಡ ಮೊಣಕಾಲು

ಫೋನ್ ಬಂದಾಗ ನಾನು ಗ್ರೌಂಡಿನಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದೆ. ಶನಿವಾರ, ಬೆಳಗಿನ ಶಾಲೆ ಮುಗಿದಿತ್ತು. ಹಿಂದಿನ ರಾತ್ರಿ ತುಮಕೂರಿನಲ್ಲಿ ಜೋರು ಮಳೆ. ನಮ್ಮ ಶಾಲೆಯ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಅಂದರೆ ಮಣ್ಣಿನ ನೆಲ, ಎರಡು ಕಬ್ಬಿಣದ ಕಂಬ. ಮಳೆ ಬಂದರೆ ಗೆರೆ ಇರುವುದಿಲ್ಲ. ಆದರೆ ಅಳತೆ ಮಾತ್ರ ಸರಿಯಾಗಿದೆ. 28 ಮೀಟರ್ ಉದ್ದ, 15 ಮೀಟರ್ ಅಗಲ, ರಿಂಗ್ ನೆಲದಿಂದ 3.05 ಮೀಟರ್ ಎತ್ತರ. ಟೇಪ್ ಹಿಡಿದು ನಾನೇ ಅಳೆದದ್ದು.

ಮಾತಾಡಿದವರು ಬೆಂಗಳೂರು ರಸ್ತೆಯಲ್ಲಿರುವ ಒಂದು ಎಂಜಿನಿಯರಿಂಗ್ ಕಾಲೇಜಿನ ಸೆಕ್ರೆಟರಿ. "ಮೇಡಂ, ನಮ್ಮ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಹೆಡ್ ಕೋಚ್ ಬೇಕು. ನಿಮ್ಮ ಸ್ಕೂಲ್ ಮಕ್ಕಳ ಆಟ ನೋಡಿದೀನಿ. ತಿಂಗಳಿಗೆ 75 ಸಾವಿರ ಕೊಡ್ತೀವಿ, ಬರ್ತೀರಾ?" ಅಂದರು.

ಶಾಲೆಯ ಪಿ.ಟಿ. ಟೀಚರ್ ಆಗಿ ಈಗ ನನ್ನ ಸಂಬಳ 22 ಸಾವಿರ. ಸುಣ್ಣದ ಪುಟ್ಟಿ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮನೆಯವರು ಬಟವಾಡಿಯ ಎಪಿಎಂಸಿ ಯಾರ್ಡಿನಲ್ಲಿ ಒಂದು ಮಂಡಿಯ ಲೆಕ್ಕ ಬರೆಯುತ್ತಾರೆ. ಶೆಟ್ಟಿಹಳ್ಳಿ ಕಡೆ 20-30 ಸೈಟಿನಲ್ಲಿ ಸಣ್ಣ ಮನೆ ಕಟ್ಟಿದ್ದೇವೆ, ಸಾಲ ಇದೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಮಗಳು ಈ ವರ್ಷ ಎಂಟನೇ ಕ್ಲಾಸು. ತಿಂಗಳಿಗೆ 53 ಸಾವಿರ ಜಾಸ್ತಿ ಬಂದರೆ ಎರಡೂವರೆ ವರ್ಷದಲ್ಲಿ ಸಾಲ ತೀರುತ್ತದೆ. ಆ ಲೆಕ್ಕವನ್ನು ಕಟ್ಟೆಯ ಮೇಲೆ ಕೂತಲ್ಲೇ ಹಾಕಿದ್ದೆ. ದುಡ್ಡು ನನಗೆ ಮುಖ್ಯ ಅಲ್ಲ ಅಂತ ಯಾರ ಮುಂದೆಯೂ ಹೇಳಲಾರೆ. ತುಂಬಾ ಮುಖ್ಯ.

ಆದರೆ ಆ ಕೆಲಸಕ್ಕೆ ಬೇಕಾದ ಓದು ನನ್ನ ಹತ್ತಿರ ಇಲ್ಲ. ನಾನು ಬಿ.ಪಿ.ಎಡ್, ಅಂದರೆ ದೈಹಿಕ ಶಿಕ್ಷಣದ ಪದವಿ, ಮಾಡಿದವಳು. ಕಬಡ್ಡಿ, ಖೋ-ಖೋ, ವಾಲಿಬಾಲ್, ಓಟ, ಗುಂಡು ಎಸೆತ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ. ಶಾಲೆಗೆ ಅದು ಸಾಕು. ಒಂದೇ ಆಟದ ಕೋಚ್ ಆಗಬೇಕಾದರೆ ಪಂಜಾಬಿನ ಪಟಿಯಾಲಾದ ಎನ್‌ಐಎಸ್‌ನಲ್ಲಿ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಒಂದು ವರ್ಷದ ಡಿಪ್ಲೊಮಾ ಇದೆ. ಅಲ್ಲಿನ ಹಳೆಯ ಮೋತಿಬಾಗ್ ಅರಮನೆಯಲ್ಲಿ 1961ರಲ್ಲಿ ಶುರುವಾದ ಸಂಸ್ಥೆ ಅದು. ಅಷ್ಟು ದಿನ ಆಗದವರಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ. ನಾನು ಎರಡನ್ನೂ ಮಾಡಿಲ್ಲ. ಮದುವೆ, ಮಗು, ಅಪ್ಪನ ಆಸ್ಪತ್ರೆ ಅಂತ ಪ್ರತಿ ಬೇಸಿಗೆಗೂ ಒಂದು ಕಾರಣ ಇತ್ತು.

ಮನೆಯಲ್ಲಿ ಹೇಳಿದೆ. ಅಮ್ಮ ತಕ್ಷಣ, "ಮನೆಗೆ ಬಂದ ಲಕ್ಷ್ಮಿನ ಬೇಡ ಅನ್ಬಾರದು ಕಣಮ್ಮ" ಅಂದಳು. ನಮ್ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರೇ ಕರೀತಿದಾರೆ, ನೀನೇನು ಸುಳ್ಳು ಹೇಳಿ ಹೋಗ್ತಿಲ್ವಲ್ಲ. ಹೋಗಿ ಕಲ್ತ್ಕೊಂಡ್ರಾಯ್ತು" ಅಂದರು. ನಮ್ಮ ಶಾಲೆಯ ಹಿರಿಯ ಪಿ.ಟಿ. ಮೇಷ್ಟ್ರು ಕೂಡ ಅದನ್ನೇ ಹೇಳಿದರು. "ಎಲ್ರೂ ಹಂಗೇ ಮೇಡಂ. ನೀರಿಗಿಳಿದ ಮೇಲೇ ಈಜು ಬರೋದು."

ಮೇಷ್ಟ್ರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಇಲ್ಲಿ ನೀರಿಗೆ ಇಳಿಯುವವಳು ನಾನೊಬ್ಬಳೇ ಅಲ್ಲ. ನನ್ನ ಕೈ ಹಿಡಿದು ಇಪ್ಪತ್ತೈದು ಮಕ್ಕಳು ಇಳಿಯುತ್ತಾರೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 2008ರಲ್ಲಿ ನಾನು ಎರಡನೇ ವರ್ಷದ ಡಿಗ್ರಿಯಲ್ಲಿದ್ದೆ. ಕಾಲೇಜು ಟೀಮಿನಲ್ಲಿ ರಿಬೌಂಡ್‌ಗೆ, ಅಂದರೆ ರಿಂಗಿಗೆ ತಾಗಿ ವಾಪಸ್ ಬರುವ ಬಾಲ್ ಹಿಡಿಯುವುದಕ್ಕೆ, ನನ್ನದೇ ಹೆಸರು. ನಮ್ಮ ಕೋಚ್ ಒಳ್ಳೆಯ ಮನುಷ್ಯ. ಅವರು ಯಾರು, ಯಾವ ಕಾಲೇಜು ಅಂತ ಹೇಳುವುದಿಲ್ಲ. ಬೆಳಗ್ಗೆ ಐದೂಮುಕ್ಕಾಲಿಗೆ ನಮಗಿಂತ ಮೊದಲೇ ಬಂದಿರುತ್ತಿದ್ದರು. ಸ್ವಂತ ದುಡ್ಡಿನಲ್ಲಿ ಬೇಯಿಸಿದ ಮೊಟ್ಟೆ ತರುತ್ತಿದ್ದರು, ಒಬ್ಬೊಬ್ಬರಿಗೆ ಎರಡು. ಮೊಟ್ಟೆ ತಿನ್ನದವರಿಗೆ ನೆನೆಸಿದ ಕಡಲೆಕಾಳು. ಆದರೆ ಅವರು ಆಡಿದ್ದು ಕಬಡ್ಡಿ. ಬ್ಯಾಸ್ಕೆಟ್‌ಬಾಲ್ ಕೋಚ್ ಹುದ್ದೆ ಖಾಲಿ ಇತ್ತು, ಅವರಿಗೆ ಕೆಲಸ ಬೇಕಿತ್ತು, ಬಂದರು.

ಕಾಲಿಗೆ ಶಕ್ತಿ ಬರಲಿ ಅಂತ ನಮ್ಮನ್ನು ಗ್ಯಾಲರಿಯ ಮೂರನೇ ಮೆಟ್ಟಿಲಿನಿಂದ ಸಿಮೆಂಟ್ ನೆಲಕ್ಕೆ ನೆಗೆಸುತ್ತಿದ್ದರು. ದಿನಕ್ಕೆ ಐವತ್ತು ಸಲ. ಹೇಗೆ ಇಳಿಯಬೇಕು ಅಂತ ಒಂದು ದಿನವೂ ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಗ್ಗೆ ರಿಬೌಂಡ್‌ಗೆ ನೆಗೆದೆ. ಬಾಲ್ ಕೈಗೆ ಸಿಕ್ಕಿತು. ಯಾರೂ ತಳ್ಳಲಿಲ್ಲ, ಯಾರೂ ತಾಗಲಿಲ್ಲ. ಎಡಗಾಲು ಮೊದಲು ಊರಿತು, ಮೊಣಕಾಲು ಒಳಕ್ಕೆ ವಾಲಿತು. ಟಪ್ ಅಂತ ಒಂದು ಸದ್ದು. ಒಣಗಿದ ಕಡ್ಡಿ ಮುರಿದ ಹಾಗೆ. ಪಕ್ಕದಲ್ಲಿದ್ದ ಗೆಳತಿಗೂ ಕೇಳಿಸಿತಂತೆ. ಕೋಚ್ ಓಡಿ ಬಂದರು, ತಣ್ಣೀರು ಹಾಕಿದರು, "ಎದ್ದು ನಿಧಾನಕ್ಕೆ ಓಡಮ್ಮ, ಸಡಿಲ ಆಗುತ್ತೆ" ಅಂದರು. ಓಡಿದೆ. ಆಮೇಲೆ ಹದಿನೈದು ದಿನ ಎಣ್ಣೆ ಹಾಕಿ ನೀವಿಸಿಕೊಂಡೆ. ನೋವು ಕಮ್ಮಿಯಾದಾಗ ಮತ್ತೆ ಆಡಿದೆ, ಮತ್ತೆ ಕಾಲು ಜಾರಿತು. ಸ್ಕ್ಯಾನ್ ಮಾಡಿಸುವಾಗ ಒಂಬತ್ತು ತಿಂಗಳಾಗಿತ್ತು. ಮೊಣಕಾಲಿನ ಒಳಗಿನ ಎಸಿಎಲ್ ಅನ್ನುವ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಪೂರ್ತಿ ಹರಿದಿತ್ತು. ಹರಿದ ಕಾಲಲ್ಲೇ ಓಡಿ ಒಳಗಿನ ಮೆತ್ತೆಯೂ ಸವೆದಿತ್ತು. ಇವತ್ತಿಗೂ ದೇವರಾಯನದುರ್ಗದ ಮೆಟ್ಟಿಲು ಇಳಿಯುವಾಗ ಒಂದು ಕೈ ಗೋಡೆಯ ಮೇಲೆ ಇರಬೇಕು.

ಈಗ ಓದಿ ತಿಳಿದುಕೊಂಡಿದ್ದೇನೆ. ಈ ಆಟದಲ್ಲಿ ಎಸಿಎಲ್ ಹರಿಯುವುದು ಎಷ್ಟೋ ಸಲ ಯಾರೂ ತಾಗದೆಯೇ. ನೆಗೆದು ಇಳಿಯುವಾಗ, ಓಡುತ್ತಾ ಗಕ್ಕನೆ ನಿಲ್ಲುವಾಗ, ತಿರುಗುವಾಗ. ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ ಆಗುತ್ತದೆ. ಎರಡೂ ಕಾಲಿನ ಮೇಲೆ, ಮೊಣಕಾಲು ಬಗ್ಗಿಸಿ, ಮಂಡಿ ಪಾದದ ನೇರಕ್ಕೇ ಇರುವ ಹಾಗೆ ಇಳಿಯುವುದನ್ನು ದಿನಾ ಅಭ್ಯಾಸ ಮಾಡಿಸಿದರೆ ಅಪಾಯ ಎಷ್ಟೋ ಕಮ್ಮಿಯಾಗುತ್ತದೆ. ವಾರ್ಮ್‌ಅಪ್‌ನಲ್ಲಿ ಹದಿನೈದು ನಿಮಿಷದ ಕೆಲಸ. ನಮ್ಮ ಕೋಚ್‌ಗೆ ಅದು ಗೊತ್ತಿದ್ದಿದ್ದರೆ ನನ್ನ ಕಾಲು ಉಳಿಯುತ್ತಿತ್ತೋ ಏನೋ. ಅವರ ಮೇಲೆ ನನಗೆ ಈಗಲೂ ಕೋಪ ಬರುವುದಿಲ್ಲ. ಆ ಮೊಟ್ಟೆಯ ಡಬ್ಬಿ ಕಣ್ಣ ಮುಂದೆ ಬರುತ್ತದೆ. ಆದರೆ ಅವರಿಗೆ ಗೊತ್ತಿಲ್ಲದ್ದರ ಬೆಲೆ ಕಟ್ಟಿದ್ದು ನಾನು.

ಕಾಲಿನ ವಿಷಯ ಕಲಿತೆ, ಸರಿ. ಇನ್ನೂ ಕಲಿಯದ್ದು ಏನಿದೆ ಅನ್ನುವುದು ಹೋದ ವರ್ಷ ಗೊತ್ತಾಯಿತು. ಇಲಾಖೆಯ ಕ್ರೀಡಾಕೂಟದಲ್ಲಿ ನಮ್ಮ ಹುಡುಗಿಯರು ತಾಲೂಕು ಗೆದ್ದು ಜಿಲ್ಲೆಗೆ ಹೋದರು. ಸೆಮಿಫೈನಲ್‌ನಲ್ಲಿ ಅರ್ಧ ಆಟಕ್ಕೆ ನಾವು ಆರು ಪಾಯಿಂಟ್ ಮುಂದಿದ್ದೆವು. ಆಮೇಲೆ ಎದುರು ಟೀಮಿನವರು ಒಬ್ಬೊಬ್ಬರನ್ನು ಒಬ್ಬೊಬ್ಬರು ಕಾಯುವ ಮ್ಯಾನ್ ಟು ಮ್ಯಾನ್ ಬಿಟ್ಟು, ಜಾಗ ಹಂಚಿಕೊಂಡು ಕಾಯುವ 2-3 ಜೋನ್ ಹಾಕಿದರು. ಮುಂದೆ ಇಬ್ಬರು, ರಿಂಗಿನ ಹತ್ತಿರ ಮೂವರು. ನಮ್ಮವರು ಡ್ರಿಬಲ್ ಮಾಡಿಕೊಂಡು (ಬಾಲ್ ನೆಲಕ್ಕೆ ಬಡಿಯುತ್ತಾ) ಒಳಗೆ ನುಗ್ಗುವುದು, ಮೂವರ ಮಧ್ಯೆ ಸಿಕ್ಕಿಹಾಕಿಕೊಳ್ಳುವುದು, ಬಾಲ್ ಕಳೆದುಕೊಳ್ಳುವುದು. ಟೈಮ್ ಔಟ್ ಕೇಳಿದೆ.

ಒಂದು ನಿಮಿಷ ಸಿಗುತ್ತದೆ. ಹುಡುಗಿಯರು ಸುತ್ತ ನಿಂತರು. ಕ್ಯಾಪ್ಟನ್ ನೀರಿನ ಬಾಟಲಿ ಬಾಯಿಯ ಹತ್ತಿರ ಹಿಡಿದವಳು ಕುಡಿಯಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. "ಏನ್ ಮಾಡ್ಬೇಕು ಮಿಸ್?" ಅಂದಳು. ನನಗೆ ಗೊತ್ತಿರಲಿಲ್ಲ. "ಧೈರ್ಯವಾಗಿ ಆಡಿ, ಗಾಬರಿಯಾಗಬೇಡಿ" ಅಂದೆ. ಅವಳು ಹೂಂ ಅಂದು ಹೋದಳು. ಮೂರು ಪಾಯಿಂಟ್‌ನಿಂದ ಸೋತೆವು.

ಆ ರಾತ್ರಿ ಒಂದು ಗಂಟೆಯವರೆಗೆ ವಿಡಿಯೊ ನೋಡಿದೆ. ಜೋನ್ ಒಡೆಯಬೇಕಾದರೆ ಬಾಲ್ ಓಡಬೇಕು, ಡ್ರಿಬಲ್ ಅಲ್ಲ. ರಿಂಗಿನ ಎದುರಿನ ಫ್ರೀ ಥ್ರೋ ಗೆರೆಯ ಹತ್ತಿರ, ಅವರ ಮುಂದಿನ ಇಬ್ಬರ ಬೆನ್ನ ಹಿಂದೆ, ನಮ್ಮವರಲ್ಲಿ ಒಬ್ಬಳನ್ನು ನಿಲ್ಲಿಸಬೇಕು. ಬಾಲ್ ಅವಳ ಕೈಗೆ ಹೋದ ಕೂಡಲೇ ಹಿಂದಿನ ಮೂವರಲ್ಲಿ ಒಬ್ಬಳು ಮುಂದೆ ಬರಲೇಬೇಕು. ಅಲ್ಲಿ ಜಾಗ ಬೀಳುತ್ತದೆ. ಎರಡು ವಾಕ್ಯದ ಮಾತು. ಆ ಒಂದು ನಿಮಿಷದಲ್ಲಿ ಆರಾಮಾಗಿ ಹೇಳಬಹುದಿತ್ತು. ಮಕ್ಕಳಲ್ಲಿ ಧೈರ್ಯ ಬೇಕಾದಷ್ಟಿತ್ತು. ಇಲ್ಲದೇ ಇದ್ದದ್ದು ನನ್ನ ಹತ್ತಿರ ಆ ಎರಡು ವಾಕ್ಯ.

ಶಾಲೆಯ ಟೀಮಿನಲ್ಲೇ ಹೀಗಾದರೆ ಕಾಲೇಜಿನಲ್ಲಿ? ಅಲ್ಲಿ ಕೆಲವರು ರಾಜ್ಯ ಮಟ್ಟಕ್ಕೆ ಆಡಿ ಬಂದಿರುತ್ತಾರೆ. ಅವರ ಕೈಯಲ್ಲಿರುವುದು ನಾಲ್ಕು ವರ್ಷ. ಎಂಜಿನಿಯರಿಂಗ್ ಮುಗಿದರೆ ಬಹಳಷ್ಟು ಜನರ ಆಟವೂ ಮುಗಿಯಿತು. ನಾನು ಕಲಿಯುವುದಕ್ಕೆ ಅದರಲ್ಲಿ ಎರಡು ವರ್ಷ ತೆಗೆದುಕೊಂಡರೆ, ಆ ಎರಡು ವರ್ಷ ಅವರಿಗೆ ವಾಪಸ್ ಯಾರು ಕೊಡುತ್ತಾರೆ?

ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಅಮೆರಿಕದಲ್ಲಿ ದೊಡ್ಡ ಸಂಗತಿ. ಕೋಚ್‌ಗಳಿಗೆ ವರ್ಷಕ್ಕೆ ಕೋಟಿಗಟ್ಟಲೆ ಸಂಬಳ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರದ ಸಂಬಳ ತೆಗೆದುಕೊಳ್ಳುವವರಲ್ಲಿ ಎಲ್ಲರಿಗಿಂತ ಹೆಚ್ಚು ಸಿಗುವುದು ಒಬ್ಬ ಕಾಲೇಜು ಕೋಚ್‌ಗೆ. ಅಲ್ಲೂ ಈ ಪ್ರಶ್ನೆ ಬಂದಿದೆ. ಕ್ರಿಸ್ ಮಲಿನ್ ದೊಡ್ಡ ಆಟಗಾರ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಟೀಮಿನವರು. ಎಲ್ಲೂ ಕೋಚ್ ಆಗಿ ಕೆಲಸ ಮಾಡದ ಅವರನ್ನು 2015ರಲ್ಲಿ ಅವರು ಓದಿದ್ದ ಸೇಂಟ್ ಜಾನ್ಸ್ ಯೂನಿವರ್ಸಿಟಿ ನೇರವಾಗಿ ಹೆಡ್ ಕೋಚ್ ಮಾಡಿತು. ನಾಲ್ಕು ವರ್ಷದಲ್ಲಿ 59 ಗೆಲುವು, 73 ಸೋಲು. 2019ರಲ್ಲಿ ಬಿಟ್ಟರು. ಆಡೋಕೆ ಬರೋದು ಬೇರೆ, ಆಡಿಸೋಕೆ ಬರೋದು ಬೇರೆ ಅಲ್ವಾ?

ಇನ್ನೊಬ್ಬರು ಬ್ರ್ಯಾಡ್ ಸ್ಟೀವನ್ಸ್. ಔಷಧ ಕಂಪನಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದರು. 2000ದಲ್ಲಿ ಅದನ್ನು ಬಿಟ್ಟು ಬಟ್ಲರ್ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಆಫೀಸಿಗೆ ಸಂಬಳವಿಲ್ಲದ ಸಹಾಯಕರಾಗಿ ಸೇರಲು ಹೊರಟರು. ಅಲ್ಲೇ ಒಂದೊಂದೇ ಮೆಟ್ಟಿಲು ಹತ್ತಿ 2007ರಲ್ಲಿ, 30ನೇ ವಯಸ್ಸಿಗೆ, ಹೆಡ್ ಕೋಚ್ ಆದರು. ಆ ಸಣ್ಣ ಕಾಲೇಜನ್ನು 2010 ಮತ್ತು 2011ರಲ್ಲಿ ಸತತ ಎರಡು ಸಲ ರಾಷ್ಟ್ರೀಯ ಫೈನಲ್‌ಗೆ ಕರೆದುಕೊಂಡು ಹೋದರು. ಎರಡೂ ಸೋತರು, ಅದು ಬೇರೆ ಮಾತು. ನಾನು ಹಿಡಿದುಕೊಂಡಿದ್ದು ನಡುವಿನ ಆ ಏಳು ವರ್ಷವನ್ನು. ಆ ಏಳು ವರ್ಷ ಅವರು ಬೇರೆಯವರ ಕೈಕೆಳಗೆ ಇದ್ದರು.

ಹಾಗಂತ ಬೇಡ ಅಂತ ಹೇಳಿ ಮನೆಯಲ್ಲಿ ಕೂರುವುದೂ ನನಗೆ ಸರಿ ಕಾಣಲಿಲ್ಲ. ನಾನು ಬೇಡ ಅಂದರೆ ಆ ಜಾಗಕ್ಕೆ ಇನ್ನೂ ಕಮ್ಮಿ ಗೊತ್ತಿರುವವರು ಬರಬಹುದು. ಅವರು ಮಕ್ಕಳನ್ನು ಗ್ಯಾಲರಿಯಿಂದ ನೆಗೆಸಬಹುದು.

ಮುಂದಿನ ಗುರುವಾರ ಅರ್ಧ ದಿನ ರಜೆ ಹಾಕಿ ಕಾಲೇಜಿಗೆ ಹೋದೆ. ಸೆಕ್ರೆಟರಿ ಮತ್ತು ಪ್ರಿನ್ಸಿಪಾಲ್ ಇಬ್ಬರೂ ಇದ್ದರು. ಕೋರ್ಟ್ ತೋರಿಸಿದರು. ಒಳ್ಳೆಯ ಬೋರ್ಡು, ಹೊಸ ನೆಟ್ಟು, ಆದರೆ ನೆಲ ಸಿಮೆಂಟೇ. ಹದಿನಾಲ್ಕು ಹುಡುಗರು, ಹನ್ನೊಂದು ಹುಡುಗಿಯರು. ಫಿಸಿಯೋ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಸಾರ್, ಹೆಡ್ ಕೋಚ್ ಆಗೋಷ್ಟು ನಾನಿನ್ನೂ ಕಲಿತಿಲ್ಲ. ಡಿಪ್ಲೊಮಾ ಮಾಡಿರೋರನ್ನ ಹೆಡ್ ಕೋಚ್ ಮಾಡಿ. ಒಂದು ವರ್ಷ ನನ್ನನ್ನ ಅವರ ಕೈಕೆಳಗೆ ಅಸಿಸ್ಟೆಂಟ್ ಆಗಿ ಇಟ್ಕೊಳ್ಳಿ, 35 ಸಾವಿರ ಕೊಡಿ ಸಾಕು. ಬೇಸಿಗೆಯಲ್ಲಿ ಆರು ವಾರ ಕೋರ್ಸಿಗೆ ರಜಾ ಕೊಡಿ. ಹುಡುಗಿಯರ ವಾರ್ಮ್‌ಅಪ್ ಮಾತ್ರ ಮೊದಲನೇ ದಿನದಿಂದ ನನ್ನ ಜವಾಬ್ದಾರಿ."

ಸೆಕ್ರೆಟರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಂಬಳ ಕಮ್ಮಿ ಮಾಡಿ ಅಂತ ನನ್ನ ಮುಂದೆ ಕೇಳಿದೋರು ನೀವೇ ಮೊದಲು ಮೇಡಂ" ಅಂದರು. ಪ್ರಿನ್ಸಿಪಾಲ್ ಮಾತ್ರ ಮೊಣಕಾಲಿನ ವಿಷಯವನ್ನು ಮತ್ತೆ ಮತ್ತೆ ಕೇಳಿದರು. ಅವರ ಮಗಳೂ ಆಡುತ್ತಾಳಂತೆ. ಟ್ರಸ್ಟಿನವರ ಹತ್ತಿರ ಮಾತಾಡಿ ಹೇಳುತ್ತೇವೆ ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಹೊಟ್ಟೆಯೊಳಗೆ ಸಂಕಟ. 75 ಅನ್ನುವ ಅಂಕಿ ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ಮನೆಗೆ ಬಂದು ಹೇಳಿದಾಗ ಅಮ್ಮ ಮಾತಾಡಲಿಲ್ಲ. ನಮ್ಮನೆಯವರು ಸಾಲದ ಪುಸ್ತಕ ತೆಗೆದು 35ರ ಲೆಕ್ಕ ಹಾಕಿದರು. "ಐದೂವರೆ ವರ್ಷ ದಾಟುತ್ತೆ. ಆಗ್ಲಿ ಬಿಡು" ಅಂದರು. ಅವರು ಹಾಗೆ ಅಂದದ್ದಕ್ಕೆ ನನಗೆ ಅಳು ಬಂತು.

ಇದಾಗಿ ಹನ್ನೊಂದು ದಿನ ಆಯಿತು. ಇನ್ನೂ ಫೋನ್ ಬಂದಿಲ್ಲ. ಈ ಮಧ್ಯೆ ಕೋರ್ಸಿನ ಅರ್ಜಿಗೆ ಬೇಕಾದ ಕಾಗದಗಳನ್ನೆಲ್ಲ ಒಂದು ಫೈಲಿಗೆ ಹಾಕಿಟ್ಟಿದ್ದೇನೆ. ಕೆಲಸ ಸಿಗಲಿ ಬಿಡಲಿ, ಬರುವ ಬೇಸಿಗೆಗೆ ಹೋಗುವುದು ಹೋಗುವುದೇ. ಮಗಳನ್ನು ಆರು ವಾರ ಅಮ್ಮ ನೋಡಿಕೊಳ್ಳುತ್ತಾಳೆ. ಪಟಿಯಾಲಾದಲ್ಲಿ ಬ್ಯಾಸ್ಕೆಟ್‌ಬಾಲ್ ಕೋರ್ಸ್ ಮಾಡಿದ ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಮಾತು ತಿಳಿಸಿ. ಹಾಸ್ಟೆಲ್ ಹೇಗಿದೆ, ಅಲ್ಲಿನ ಬಿಸಿಲು ಹೇಗೆ ತಡೆದುಕೊಂಡಿರಿ, ಹಳೆಯ ಮೊಣಕಾಲು ನೋವು ಇರುವವರು ಪ್ರಾಕ್ಟಿಕಲ್ ಹೇಗೆ ಮಾಡಿದರು, ಇವು ನನಗೆ ಗೊತ್ತಾಗಬೇಕು.