ಮುಗದ ಮ್ಯಾಲೆ ಎಲ್ಲಿ ಇಡ್ತೀ ಯವ್ವಾ?

ಕಿನ್ನಾಳದ ಅಜ್ಜ ನನ್ನನ್ನು ಈ ಮಾತು ಕೇಳಿ ತಿಂಗಳಾಯಿತು. ಈ ಸೋಮವಾರ ಬೆಳಿಗ್ಗೆಯಿಂದ ಅದು ಮತ್ತೆ ಕಿವಿಯಲ್ಲಿ ಗುಂಯ್‌ಗುಡುತ್ತಿದೆ.

ಕೊಪ್ಪಳದ ಹೋಟೆಲೊಂದರ ಹುಲ್ಲುಹಾಸಿನ ಮೇಲೆ ಮೂರು ಸಂಜೆ ಮಾತ್ರ ಇದ್ದು ಬಿಚ್ಚಿಹೋಗುವ ಪಾಪ್‌ಅಪ್ ಬಾರ್. ಹೆಸರು, ಲೋಗೋ, ಮೆನು ಕಾರ್ಡ್, ಕೌಂಟರ್, ದೀಪ ಎಲ್ಲವೂ ನನ್ನ ಪಾಲಿಗೆ. ಅಬಕಾರಿ ಇಲಾಖೆಯ ಸಿಎಲ್-5, ಅಂದರೆ ಸಾಂದರ್ಭಿಕ ಲೈಸೆನ್ಸಿನ ಓಡಾಟ ಮಾಲೀಕರದ್ದು.

ಹೆಸರಿನ ವಿಷಯಕ್ಕೇ ಮೊದಲ ಜಗ್ಗಾಟ. ಅವರಿಗೆ ಇಂಗ್ಲಿಷ್ ಹೆಸರು ಬೇಕಿತ್ತು. ಹಟ ಹಿಡಿದು ಮುಸ್ಸಂಜೆಗೆ ಹೊಂದುವ ಕನ್ನಡ ಪದವೊಂದನ್ನು ಒಪ್ಪಿಸಿದೆ. ಅದರ ಒತ್ತಕ್ಷರ ನನ್ನನ್ನು ಎರಡು ರಾತ್ರಿ ಎಚ್ಚರವಿರಿಸಿತು. ಬೋರ್ಡಿನ ಮೇಲೆ ಎರಡಡಿ ಎತ್ತರದಲ್ಲಿ ಚಂದ ಕಾಣುವ ಒತ್ತು, ಗ್ಲಾಸಿನ ಕೆಳಗಿಡುವ ಪುಟ್ಟ ಕೋಸ್ಟರ್ ಮೇಲೆ ಮಸಿ ತುಂಬಿಕೊಂಡು ಉಂಡೆಯಾಗುತ್ತಿತ್ತು. ಕೊನೆಗೆ ಒತ್ತನ್ನು ಬಿಡಿಸಿ, ಬಾಲ ಉದ್ದ ಎಳೆದು, ತಲೆಕೆಳಗಾಗಿ ಜೋತುಬಿದ್ದ ಗಿಳಿ ಮಾಡಿದೆ. ಒಂದೇ ಬಣ್ಣದಲ್ಲಿ ಅಚ್ಚಾದರೂ ಗಿಳಿ ಗಿಳಿಯೇ. ಗಿಳಿ ಬಂದ ಮೇಲೆ ಬಣ್ಣದ ಮರದ ಗೊಂಬೆಗಳ ಊರು ಕಿನ್ನಾಳ ನೆನಪಾಗದೆ ಇರುತ್ತದೆಯೇ? ಬೈಕು ಹತ್ತಿದರೆ ಅರ್ಧ ಗಂಟೆಯ ದಾರಿ.

ಅಲ್ಲಿಯ ಚಿತ್ರಗಾರರ ಕೆಲಸ ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಗುರ ಮರ ಕೆತ್ತಬೇಕು. ಗೋಣಿನಾರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟದಿಂದ ಸಂದು ಮುಚ್ಚಬೇಕು. ಆಮೇಲೆ ಕಲ್ಲಿನ ಪುಡಿಯ ಲೇಪದಲ್ಲಿ ಉಬ್ಬು ಒಡವೆ. ಒಂದೊಂದೂ ಒಣಗಬೇಕು. ಬಣ್ಣ ಎಲ್ಲಕ್ಕೂ ಕೊನೆಗೆ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳು ಇವರ ಹಿರೀಕರ ಕೈಯವೇ ಎಂದು ಹೇಳುವವರಿದ್ದಾರೆ. ಅಜ್ಜ ಅದನ್ನು ಒಮ್ಮೆಯೂ ಹೇಳಿಕೊಳ್ಳಲಿಲ್ಲ.

ಕೌಂಟರಿನ ಮುಂಭಾಗಕ್ಕೆ ಹನ್ನೆರಡು ಗಿಳಿ ಕೇಳಿದೆ. ಕುಡಿಯುವ ಜಾಗ ಎಂಬುದನ್ನು ಮುಚ್ಚಿಡಲಿಲ್ಲ.

"ದೇವ್ರು ಬ್ಯಾಡ. ಗಿಳಿ ಆದ್ರ ಮಾಡ್ತೀನಿ. ಎಷ್ಟ ದಿನ ಇರತೈತಿ?"

"ಮೂರ ದಿನ ಅಜ್ಜಾರ."

ಕುಂಚವನ್ನು ಬಣ್ಣದ ಚಿಪ್ಪಿನ ಅಂಚಿಗೆ ಒರಗಿಸಿಟ್ಟರು. "ಮೂರ ದಿನ? ಮುಗದ ಮ್ಯಾಲೆ ಇವನ್ನ ಎಲ್ಲಿ ಇಡ್ತೀ ಯವ್ವಾ?"

ಸಿಟ್ಟಿರಲಿಲ್ಲ. ಮಗಳನ್ನು ಕೊಡುವ ಮನೆಯ ಬಗ್ಗೆ ವಿಚಾರಿಸುವವರ ದನಿ ಅದು. ನಾನು ತಡವರಿಸದೆ ಹೇಳಿದೆ: "ಹೋಟೆಲಿನವ್ರ ಇಟ್ಕೋತಾರ್ರಿ." ಹಾಗೆಂದು ಯಾರೂ ಹೇಳಿರಲಿಲ್ಲ. ಅಜ್ಜ ನಂಬಿ ಕುಂಚ ಎತ್ತಿಕೊಂಡರು.

ಆ ಸುಳ್ಳು ದಾರಿಯುದ್ದಕ್ಕೂ ಬೆನ್ನಿಗೆ ಅಂಟಿಕೊಂಡು ಬಂತು. ಎಂಟು ವರ್ಷದಲ್ಲಿ ಎಷ್ಟು ವೇದಿಕೆ, ಎಷ್ಟು ಮಳಿಗೆ ಮಾಡಿದ್ದೇನೆ! ಪ್ಲೈವುಡ್ಡು, ಥರ್ಮೋಕೋಲು, ಫ್ಲೆಕ್ಸು. ಮರುದಿನ ಅವೆಲ್ಲ ಎಲ್ಲಿಗೆ ಹೋದವು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ಗವಿಮಠದ ಜಾತ್ರೆಗೆ ಬರುವ ಬಳೆ, ಬೆಂಡು-ಬತ್ತಾಸಿನ ಅಂಗಡಿಗಳೂ ಕೆಲವು ದಿನದವೇ. ಆದರೆ ಆ ಗಳಗಳನ್ನು ನೋಡಿ: ಹಗ್ಗದಿಂದ ಬಿಗಿದಿರುತ್ತಾರೆ, ಮೊಳೆ ಹೊಡೆಯುವುದು ಕಡಿಮೆ. ಬಿಚ್ಚುವ ದಿನ ಗಂಟು ಸಡಿಲಿಸಿದರೆ ಅದೇ ಗಳ, ಅದೇ ತಾಡಪಾಲು ಮುಂದಿನ ಊರಿನ ಜಾತ್ರೆಗೆ. ಕಟ್ಟುವಾಗಲೇ ಬಿಚ್ಚುವುದು ಅವರ ತಲೆಯಲ್ಲಿರುತ್ತದೆ. ಇದನ್ನು ನನಗೆ ಕಾಲೇಜು ಕಲಿಸಲಿಲ್ಲ.

ಊರಿಗೆ ಬಂದವಳೇ ಕೌಂಟರಿನ ನಕ್ಷೆ ಬದಲಿಸಿದೆ. ಗಿರಾಕಿ ಮೊಣಕೈ ಊರುವ ಹಲಗೆ ನೆಲದಿಂದ 42 ಇಂಚು, ಒಳಗೆ ಬಾರ್‌ಟೆಂಡರ್ ಕೆಲಸ ಮಾಡುವ ಹಲಗೆ 36. ಅಳತೆ ಅದೇ ಉಳಿಯಿತು. ಮೊಳೆ, ಅಂಟು ಎರಡೂ ಹೋಗಿ ನಟ್ಟು-ಬೋಲ್ಟು ಬಂತು. ಪ್ರತಿ ಗಿಳಿಯ ಬೆನ್ನಿಗೆ ಒಂದು ಹಿತ್ತಾಳೆ ಕೊಂಡಿ. ಬೆಂಗಳೂರಿನಿಂದ ಬಂದ ಈವೆಂಟ್ ಹುಡುಗ, "ಮೇಡಂ, ಅಂಟು ಹಾಕಿದ್ರೆ ಹತ್ತು ನಿಮಿಷದ ಕೆಲಸ," ಎಂದು ಮೂರು ಸಲ ಹೇಳಿದ. ಕೆಲಸದಲ್ಲಿ ಚುರುಕು, ಆದರೆ ಕೈಗೆ ಬಂದ ವಸ್ತುವನ್ನು ಒಮ್ಮೆಯೂ ಕಣ್ಣಿಟ್ಟು ನೋಡದವನು. ಅವನೇ ಹಾಕಿಸಿದ ಹದಿನಾರಡಿ ಫ್ಲೆಕ್ಸ್ ಗೋಡೆಯ ಮುಂದೆ ಮೂರೂ ಸಂಜೆ ಫೋಟೋಕ್ಕೆ ಸಾಲು.

ಬಾರ್ ಚೆನ್ನಾಗಿ ನಡೆಯಿತು. ಹಳದಿ ಬೆಳಕು ಗಿಳಿಗಳ ಮೇಲೆ ಬಿದ್ದಾಗ ಕೆಲವರು ಬಗ್ಗಿ ಮುಟ್ಟಿ ನೋಡಿದರು. ನನಗೆ ಅಷ್ಟೇ ಬೇಕಿತ್ತು.

ಸೋಮವಾರ ಎಂಟಕ್ಕೆ ಹೋದರೆ ಇಬ್ಬರು ಹುಡುಗರು ಬ್ಲೇಡಿನಿಂದ ಫ್ಲೆಕ್ಸ್ ಗೀರುತ್ತಿದ್ದರು. ಚೌಕಟ್ಟನ್ನು ಹಾರೆಯಿಂದ ಮೀಟಿ ಮುರಿದು ಟ್ರ್ಯಾಕ್ಟರಿಗೆ ಎಸೆದರು. ಕೌಂಟರನ್ನು ನಾನೇ ಸ್ಪ್ಯಾನರ್ ಹಿಡಿದು ಬಿಚ್ಚಿದೆ, ನಲವತ್ತು ನಿಮಿಷ ಹಿಡಿಯಿತು. ಹನ್ನೊಂದು ಗಿಳಿ ನೆಟ್ಟಗಿದ್ದವು. ಹನ್ನೆರಡನೆಯದರ ಕೊಕ್ಕು ಬಾಟಲಿ ಕ್ರೇಟು ತಾಗಿ ಮುರಿದಿತ್ತು. ಕೆಂಪು ಬಣ್ಣದ ಕೆಳಗೆ ಕಿಟ್ಟದ ಕಂದು ಪದರ, ಅದರ ಕೆಳಗೆ ಬಿಳಿ ಮರ.

ಊಟದ ಹಾಲಿನಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಮಾಲೀಕರನ್ನು ಆಗ ಕೇಳಿದೆ. ಮೊದಲೇ ಕೇಳಬೇಕಾಗಿದ್ದ ಮಾತು. "ಇಲ್ರಿ ಮೇಡಂ, ನೀವ ತಗೊಂಡ ಹೋಗ್ರಿ," ಎಂದು ಪ್ರೀತಿಯಿಂದಲೇ ಹೇಳಿದರು. ಕೆಟ್ಟವರಲ್ಲ, ಪೂರ್ತಿ ಹಣ ಅವತ್ತೇ ಕೊಟ್ಟರು. ಅವರ ಪಾಲಿಗೆ ಎಲ್ಲ ಭಾನುವಾರ ರಾತ್ರಿಯೇ ಮುಗಿದಿತ್ತು.

ನಿನ್ನೆ ಮುರಿದ ಗಿಳಿಯನ್ನು ಹಳೇ ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಕಿನ್ನಾಳಕ್ಕೆ ಹೋದೆ. ಅಜ್ಜ ಮುರಿದ ಕಡೆ ಉಗುರಿನಿಂದ ಒತ್ತಿ ನೋಡಿದರು. ಉಳಿದವು ಎಲ್ಲಿ ಎಂದು ಕೇಳಲಿಲ್ಲ. ನಾನೇ ಹೇಳಿದೆ:

"ಅವತ್ತ ಸುಳ್ಳ ಹೇಳಿದ್ದೆ ಅಜ್ಜಾರ. ಹೋಟೆಲಿನವ್ರ ಇಟ್ಕೊಳ್ಲಿಲ್ಲ. ನಮ್ಮ ಮನಿ ಪಡಸಾಲ್ಯಾಗ ಹಾಕೇನಿ."

ಕಿಟ್ಟ ಕಲಸುತ್ತಿದ್ದ ಕೈ ನಿಂತಿತು.

"ಗ್ವಾಡಿ ಹಸಿ ಐತೇನು?"

"ಇಲ್ರಿ, ಒಣಗೇತಿ."

"ಹಂಗಾದ್ರ ಐದ ದಿನ ಬಿಟ್ಟ ಬಾ," ಎಂದು ಗಿಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡರು.